ಜಗಲಿ ಮೇಲಿನ ತಮಟೆ

ನಮ್ಮ ಮಾವನ ಹೆಣವನ್ನು ನಾವು ಕ್ಯಾನ್ ನೀರಿನಲ್ಲಿ ತೊಳೆದೆವು.

ಮದುವೆ ಮನೆಗೆ ತರುತ್ತಾರಲ್ಲ, ಆ ಕುಡಿಯೋ ನೀರಿನ ಕ್ಯಾನು. ನನ್ನ ಗಂಡ ಮಾದೇಶ ಗಾವಡಗೆರೆಯ ಫಿಲ್ಟರ್ ಮುಂದೆ ಕ್ಯೂ ನಿಂತು, ಕಾಯಿನ್ ಹಾಕಿ ತುಂಬಿಸಿಕೊಂಡು, ಬೈಕಿನ ಎರಡೂ ಕಡೆ ನೇತುಹಾಕಿಕೊಂಡು ತಂದ. ಅಷ್ಟು ಹೊತ್ತೂ ಮಾವ ಬಾಗಿಲ ಮುಂದೆ ಗೋಡೆಗೆ ಒರಗಿ ಕೂತಿದ್ದ. ಬಿಸಿಲು ಏರಿತ್ತು. ನಾವು ಸುತ್ತ ಕೂತು ಟವೆಲಿನಲ್ಲಿ ನೊಣ ಓಡಿಸುತ್ತಿದ್ದೆವು.

ನೀರಿನ ಕಟ್ಟೆ ಇಲ್ಲದ ಕೇರಿಯೇನಲ್ಲ ನಮ್ಮದು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಮೊದಲ ಸ್ನಾನ, ಸತ್ತವರಿಗೆ ಕೊನೆಯ ಸ್ನಾನ, ಎರಡಕ್ಕೂ ಕಟ್ಟೆ ನೀರೇ ಆಗಬೇಕು. ಅವತ್ತೂ ನಾನು, ಪಕ್ಕದ ಮನೆ ಬಸವಮ್ಮ ಹೋಗಿ ಬಿಂದಿಗೆ ತುಂಬಿಸಿಕೊಂಡು ಬಂದೆವು. ಕೆಳಗಿಳಿಸಿದಾಗ ಮೇಲೆ ಕಂದು ನೊರೆ ನಿಂತಿತ್ತು. ಔಷಧಿ ಹೊಡೆದ ಹೊಲದ ವಾಸನೆ. ನನ್ನ ಅತ್ತೆ ಚಿಕ್ಕಸಿದ್ದಮ್ಮ ಕೈ ಅದ್ದಿದಳು. ಮೂಸಿದಳು. ಎದ್ದು ನಿಂತು ಬಿಂದಿಗೆಯನ್ನು ಕಾಲಲ್ಲಿ ಉರುಳಿಸಿದಳು.

"ಇದ್ರಾಗೆ ದನಾನೂ ತೊಳಿಯಕಿಲ್ಲ ನಾನು. ನನ್ನ ಗಂಡನ್ನ ತೊಳೀತೀನಾ?"

ಕೇರಿಯ ಮೇಲ್ಗಡೆಯೇ, ಮೇಲಿನ ಬೀದಿಯ ಮಹೇಂದ್ರನ ಶುಂಠಿ ತೊಳೆಯೋ ಜಾಗ. ಎರಡು ಬೋರು. ತೊಡೆ ಗಾತ್ರದ ಪೈಪು. ಹೆಣ ಕೂತಿರುವಾಗಲೂ ಮೋಟಾರಿನ ಸದ್ದು ನಮ್ಮ ಬಾಗಿಲಿಗೆ ಕೇಳುತ್ತಿತ್ತು. ಮಾದೇಶ ಮೊದಲು ಅಲ್ಲಿಗೇ ಹೋಗಿ ಎರಡು ಬಿಂದಿಗೆ ನೀರು ಕೇಳಿದ್ದ. ಲೋಡು ಹೋಗಲಿ ಇರು ಅಂದನಂತೆ ಮಹೇಂದ್ರ. ಲಾರಿ ತುಂಬೋವರೆಗೂ ಇವನು ಗೇಟಿನ ಹೊರಗೆ ನಿಂತ. ಆಮೇಲೆ ಮತ್ತೆ ಕೇಳಿದ. ಮಹೇಂದ್ರ ಚೇಟನ ಕಡೆ ತಿರುಗಿ ನಕ್ಕನಂತೆ. ಚೇಟ ಅಂದರೆ ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕೋ ಕೇರಳದವನು. ಮಾಲು ತೊಳೆಯೋ ಪೈಪಲ್ಲಿ ಹೆಣಕ್ಕೆ ನೀರು ಬಿಟ್ಟರೆ ಮಾಲು ಮೈಲಿಗೆ ಆಗಲ್ಲವಾ, ಕೊಳ್ಳೋ ದಿಲ್ಲಿಯವನು ವಾಪಸ್ ಕಳಿಸಿದರೆ ನೀನು ಕಟ್ಟಿಕೊಡ್ತೀಯಾ ಅಂತ. ಚೇಟ ಪಾಪ ನಗಲಿಲ್ಲವಂತೆ. ನೆಲ ನೋಡಿದನಂತೆ.

ಆ ಮಾಲನ್ನು ತೊಳೆದವರು ಯಾರು? ನಾವೇ.

ಹೊಲದಿಂದ ಬಂದ ಶುಂಠಿ ಮಣ್ಣಿನ ಮುದ್ದೆ. ಸಿಮೆಂಟ್ ನೆಲದ ಮೇಲೆ ಸುರಿಯುತ್ತಾರೆ. ಒಬ್ಬ ಪೈಪ್ ಹಿಡಿದು ಬಿಡುತ್ತಾನೆ, ನಾವು ಹೆಂಗಸರು ನಡುವೆ ನಿಂತು ಕಾಲಲ್ಲಿ ತಿಕ್ಕಬೇಕು. ಸೀರೆ ಮಂಡಿಗೆ ಕಟ್ಟಿ, ಒಬ್ಬರ ಹೆಗಲು ಒಬ್ಬರು ಹಿಡಿದು. ನೋಡಿದವರಿಗೆ ಕುಣಿತ. ಕಾಲಿನ ಬಿರುಕಿಗೆ ಶುಂಠಿ ರಸ ಇಳಿದರೆ ಅದು ಎಂಥ ಕುಣಿತ ಅಂತ ಇಳಿದವಳಿಗೇ ಗೊತ್ತು. ಸಂಜೆ ಮನೆಗೆ ಬಂದರೆ ಪಾದ ಬೆಂದ ಹಾಗೆ ಬಿಳಚಿಕೊಂಡಿರುತ್ತಿತ್ತು. ಗಂಡ ಮುಟ್ಟಿದರೂ ಉರಿ. ಬಸವಮ್ಮ ಮಾತ್ರ ತಮಾಷೆ ಬಿಡಳು. ನಮ್ಮನ್ನ ಹಂಗೇ ಟೀಗೆ ಹಾಕಿದರೆ ಶುಂಠಿ ಬೇಕಾಗಿಲ್ಲ ಕಣೆ ಅನ್ನೋಳು.

ಮಾವ ಚಾಮಯ್ಯ ಹೊಂಡದೊಳಗೆ ಇಳಿಯೋನು. ತೊಳೆದ ನೀರು ನಿಲ್ಲೋ ಹೊಂಡ. ಮಣ್ಣು ಅಡಿಗೆ ಕೂತರೆ ಅದನ್ನು ಬಾಂಡ್ಲಿಯಲ್ಲಿ ಮೊಗೆದು ಮೇಲಕ್ಕೆ ಎಸೆಯಬೇಕು. ಆ ಮಣ್ಣಿನಲ್ಲಿ ಒಂದು ವರ್ಷ ಹೊಡೆದ ಔಷಧಿಯೆಲ್ಲ ಇರುತ್ತೆ. ಬೂಟು ಕೇಳಿದ್ದಕ್ಕೆ ನಿಮ್ಮಪ್ಪ ಬೂಟು ಹಾಕಿದ್ನಾ ಅಂದಿದ್ದ ಮಹೇಂದ್ರ. ಮೊದಲು ಬೆರಳ ಸಂದಿಯಲ್ಲಿ ಹುಣ್ಣು. ಆಮೇಲೆ ಮೀನಖಂಡ ಊದಿತು. ಆಮೇಲೆ ಮುಖ. ಹುಣಸೂರಿನಲ್ಲಿ ತೋರಿಸಿದೆವು, ಮೈಸೂರಿನಲ್ಲಿ ತೋರಿಸಿದೆವು. ನೀರು ಬದಲಾಯಿಸಿ ಅಂದರು. ಯಾವ ನೀರಿಗೆ ಬದಲಾಯಿಸೋದು? ಸತ್ತ. ಯಾತರಿಂದ ಸತ್ತ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೊಂಡ ತುಂಬಿದರೆ ನೀರು ಎಲ್ಲಿಗೆ ಹೋಗಬೇಕು? ಮಳೆ ನೀರು ಹರಿದು ಹೋಗಲಿ ಅಂತ ರಸ್ತೆ ಬದಿ ಕಾಂಕ್ರೀಟ್ ಚರಂಡಿ ಕಟ್ಟಿದ್ದರು. ಮೇಲಿನ ಬೀದಿಯಲ್ಲಿ ಹುಟ್ಟಿ ನಮ್ಮ ಕಟ್ಟೆಯಲ್ಲಿ ಮುಗಿಯುತ್ತೆ ಅದು. ಮಹೇಂದ್ರ ರಾತ್ರೋರಾತ್ರಿ ಏನಲ್ಲ, ಹಾಡಹಗಲೇ ಅದಕ್ಕೆ ಪೈಪ್ ಜೋಡಿಸಿದ. ಕಟ್ಟೆಯಲ್ಲಿ ಮೊದಲು ಕಪ್ಪೆ ಸತ್ತವು. ಆಮೇಲೆ ಮೀನು. ಆಮೇಲೆ ಬಸವಮ್ಮನ ಎಮ್ಮೆಕರು. ಕೇಳಲು ಹೋದವರಿಗೆಲ್ಲ ಅವನದು ಒಂದೇ ಮಾತು.

"ಅದು ಮಳೆ ನೀರು ಕಣ್ರೋ. ಬರೀ ಮಳೆ ನೀರು."

ಮಾವನ ಹೆಣದ ಮುಂದೆ ತಮಟೆ ಬಡಿಯಲಿಲ್ಲ. ಬಡಿಯಬಾರದು ಅಂತ ಹೇಳಿಯೇ ಸತ್ತಿದ್ದ. ತಮಟೆ ನಮ್ಮ ಮನೆ ನಡುಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದು ಮೊಳೆಗೆ ಏರಿದ ಕಥೆಯನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾಳೋ. ಸೊಪ್ಪು ಸೋಸುವಾಗ ಒಂದು ಚೂರು, ಹೇನು ನೋಡುವಾಗ ಒಂದು ಚೂರು.

ನಮ್ಮ ಮಾವನದು ತೋಟಿಕೆ. ಊರಿಗೆ ಸಾಹೇಬರು ಬಂದರೆ ಹಿಂದೆ ಗಂಟು ಹೊರೋದು, ಸುದ್ದಿ ಇದ್ದರೆ ತಮಟೆ ಬಡಿದು ಸಾರೋದು, ಸತ್ತ ಮನೆ ಮುಂದೆ ಬಡಿಯೋದು. ತಾತನ ಕಾಲದಿಂದ ಬಂದದ್ದು. ಮೇಲಿನ ಬೀದಿಗೆ ಮೆಟ್ಟು ಹಾಕಿಕೊಂಡು ಹೋಗೋ ಹಾಗಿಲ್ಲ. ಬೀದಿ ತುದಿಯಲ್ಲಿ ಬಿಟ್ಟು, ಬರಿಗಾಲಲ್ಲಿ. ಮಹೇಂದ್ರನ ಅಪ್ಪ ತಿಮ್ಮಯ್ಯನ ತಾಯಿ ಸತ್ತ ದಿನ ಮಾವ ಹೊತ್ತು ಹುಟ್ಟೋ ಮೊದಲು ಬಡಿಯಲು ನಿಂತವನು, ಮಣ್ಣು ಮಾಡಿ ಬರೋವರೆಗೂ ಬಿಡಲಿಲ್ಲ. ಅಂಗೈ ಒಡೆದು ರಕ್ತ. ನೆಂಟರಿಗೆಲ್ಲ ಜಗಲಿ ಮೇಲೆ ಕೊಳದಪ್ಪಲೆಯಲ್ಲಿ ಮಜ್ಜಿಗೆ. ಮಾವ ಅಂಗಳದಲ್ಲಿ ನಿಂತು, ಬುದ್ಧಿ, ಒಸಿ ನೀರು ಅಂದ. ತಿಮ್ಮಯ್ಯ ಜಗಲಿಯಿಂದಲೇ, ನೆಂಟರ ಮುಂದೆಯೇ, ತಲೆ ಎತ್ತದೆ ಹೇಳಿದ:

"ಕಟ್ಟೇಲಿ ನೀರಿಲ್ವೇನ್ಲಾ? ಓಗಿ ಕುಡಿ."

ಮಾವ ಕಟ್ಟೆಗೆ ಹೋಗಲಿಲ್ಲ. ಮನೆಗೆ ಬಂದ. ತಮಟೆಯನ್ನು ಮೊಳೆಗೆ ಹಾಕಿದ. ಇನ್ನು ಈ ಮನೆಯಲ್ಲಿ ಯಾರೂ ಇದನ್ನ ಕೊರಳಿಗೆ ಹಾಕಬಾರದು ಅಂದ.

ಸಾರಲ್ಲ ಅಂದವನಿಗೆ ತೋಟಿಕೆ ಯಾಕೆ ಅಂತ ಮೇಲಿನ ಬೀದಿಯವರು ಅರ್ಜಿ ಹಾಕಿದರು. ಅರ್ಜಿ ಒಂದಷ್ಟು ವರ್ಷ ಮಲಗಿತ್ತು. ಯಾವಾಗ ಆ ಕೆಲಸಕ್ಕೆ ಗ್ರಾಮ ಸಹಾಯಕ ಅಂತ ಹೆಸರಾಗಿ, ಸರ್ಕಾರದಿಂದ ತಿಂಗಳಾ ಸಂಬಳ ಬರಲು ಶುರುವಾಯಿತೋ, ಅವತ್ತು ಅರ್ಜಿಗೆ ಎಚ್ಚರ ಆಯಿತು. ಮಾವನನ್ನು ತೆಗೆದರು. ಮಹೇಂದ್ರ ಅವರಿವರ ಕೈಕಾಲು ಹಿಡಿದು ತನ್ನ ಚಿಕ್ಕಪ್ಪನ ಮಗ ಶಶಿಕುಮಾರನನ್ನು ಅಲ್ಲಿ ಕೂರಿಸಿದ. ನಮ್ಮ ತಾತಂದಿರು ಬರಿಗಾಲಲ್ಲಿ ಮಾಡಿದ ಕೆಲಸವನ್ನು ಶಶಿಕುಮಾರ ಬುಲೆಟ್ ಮೇಲೆ ಕೂತು ಮಾಡಿದ. ತಮಟೆ ಮಾತ್ರ ನಮ್ಮ ಮೊಳೆಯಲ್ಲೇ ಉಳಿಯಿತು. ಅದನ್ನು ಯಾರೂ ಕೇಳಲು ಬರಲಿಲ್ಲ.

ತಿಥಿ ಮುಗಿದ ಮಾರನೆ ದಿನ ಅತ್ತೆ ನನ್ನನ್ನು ಕರೆದುಕೊಂಡು ಹುಣಸೂರಿಗೆ ಹೋದಳು. ಪೂಜಾ ಮೇಡಂ ಅಂತ ಲಾಯರು. ಚಿಕ್ಕ ವಯಸ್ಸು, ನೀರು ಕುಡೀತೀರಾ ಅಂತ ಮೊದಲು ಕೇಳಿದರು. ಅದಕ್ಕೇ ಅತ್ತೆ ಅತ್ತುಬಿಟ್ಟಳು. ಪರಿಹಾರ ಬೇಕಾ ಅಂತ ಕೇಳಿದರು ಮೇಡಂ. ಬೇಡ ಅಂದಳು ಅತ್ತೆ. ಮತ್ತೆ ಏನು ಬೇಕು ಅಂದರು.

"ನಮ್ ಕಟ್ಟೆ ಬೇಕು. ಅವ್ನ ಗೇಟಿಗೆ ಬೀಗ ಬೀಳ್ಬೇಕು. ಊರೆಲ್ಲ ಅದ ಕೇಳ್ಬೇಕು."

ಹಸಿರು ಕೋರ್ಟು ಅಂತ ಒಂದಿದೆ, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು, ಕಟ್ಟೆಯ ಪರವಾಗಿ ನೀವೇ ನಿಲ್ಲಬಹುದು ಅಂದರು ಮೇಡಂ. ಕಟ್ಟೆಯ ಪರವಾಗಿ ನಿಲ್ಲೋದು! ಬರುವಾಗ ಬಸ್ಸಿನಲ್ಲಿ ಅತ್ತೆ ಅದನ್ನೇ ಹೇಳಿಕೊಂಡು ಬಂದಳು.

ಕೇಸು ಹಾಕಿದ ಸುದ್ದಿ ಹಬ್ಬಿತು. ಕೇರಿಗೆ ಕೂಲಿ ನಿಂತಿತು. ಮಿಲ್ಲಿನಲ್ಲಿ ನಮ್ಮ ರಾಗಿ ಬೀಸಲಿಲ್ಲ. ಅಂಗಡಿಯಲ್ಲಿ ಇದ್ದ ಉಪ್ಪು ಇಲ್ಲವಾಯಿತು. ನಾವು ಹೆಂಗಸರು ಗೂಡ್ಸ್ ಆಟೋ ಹತ್ತಿ ರಾವಂದೂರು ಕಡೆ ಹೊಗೆಸೊಪ್ಪು ಕಟ್ಟಲು ಹೋದೆವು. ಸೊಪ್ಪಿನ ಅಂಟು ಕೈಗೆ ಹತ್ತಿದರೆ ಅನ್ನ ಕಹಿ. ಆದರೂ ಕಾಲು ಒಣಗಿತು ಅಂತ ಸಮಾಧಾನ. ರಾಜಿ ಮಾಡಿಸಲು ಬಂದವರು ಬಂದರು. ಮಾದೇಶನಿಗೆ ಕಟ್ಟೆಮಳಲವಾಡಿ ರಸ್ತೆಯಲ್ಲಿ ಕಾರು ಅಡ್ಡ ಹಾಕಿ ಹೆದರಿಸಿದರು. ಒಂದು ಸಲ ಅತ್ತೆಯ ಹತ್ತಿರವೇ ಶಶಿಕುಮಾರ ಬಂದು, ಬುಲೆಟ್ ಮೇಲಿಂದ ಇಳಿಯದೆ, ಲೇ ಚಿಕ್ಕಸಿದ್ದಿ, ನೀರಿಗೆ ಯಾಕೆ ಕಿತ್ತಾಡ್ತೀಯೆ, ಕ್ಯಾನ್ ತರಿಸಿಕೊಡ್ತೀನಿ ಬುಡು ಅಂದ. ಅತ್ತೆಗಿಂತ ಮೂವತ್ತು ವರ್ಷ ಚಿಕ್ಕವನು.

ಕೋರ್ಟಿನಲ್ಲೂ ಮಹೇಂದ್ರನ ಲಾಯರು ಅದನ್ನೇ ಹೇಳಿದ. ಚರಂಡಿಯಲ್ಲಿ ಬರೋದು ಮಳೆ ನೀರು, ಊರಿನ ಮಣ್ಣು. ಶಿವರಾತ್ರಿ ಕಳೆದ ಬಿರುಬೇಸಗೆಯಲ್ಲಿ, ಆಕಾಶದಲ್ಲಿ ಒಂದು ಮೋಡ ಇಲ್ಲದಾಗ, ಆ ಚರಂಡಿ ದಡ ಮುಟ್ಟಿ ಹರಿಯೋದನ್ನು ನಾನು ಮೊಬೈಲಿನಲ್ಲಿ ಹಿಡಿದೆ. ದಿನಾ ಹಿಡಿದೆ. ನೀರಿನಲ್ಲಿ ಶುಂಠಿ ಸಿಪ್ಪೆ ತೇಲುತ್ತಿತ್ತು. ಕೋರ್ಟಿನ ಕಡೆಯವರು ನೋಡಲು ಬರೋ ದಿನ ಮಹೇಂದ್ರ ಮೋಟಾರು ನಿಲ್ಲಿಸಿ, ಚರಂಡಿ ತೊಳೆಸಿ, ಬ್ಲೀಚಿಂಗ್ ಪೌಡರ್ ಎರಚಿಸಿದ್ದ. ಅತ್ತೆ ಅವರನ್ನು ಚರಂಡಿ ಹತ್ತಿರ ನಿಲ್ಲಲು ಬಿಡಲಿಲ್ಲ. ಕಟ್ಟೆಗೆ ಕರೆದೊಯ್ದಳು. ಚರಂಡಿ ತೊಳೆಯಬಹುದು, ಕಟ್ಟೇನ ಎಂಗೆ ತೊಳೆದಾನು ನೋಡಿ ಅಂದಳು. ಅವರು ಬಾಟಲಿಯಲ್ಲಿ ನೀರು ತುಂಬಿಕೊಂಡು, ಮೂಗಿಗೆ ಕರ್ಚೀಪು ಹಿಡಿದು ಹೋದರು.

ಗೆದ್ದೆವು. ತೊಳೆಯೋದು ನಿಲ್ಲಿಸಬೇಕು, ಕಟ್ಟೆ ಶುದ್ಧ ಮಾಡಿಸಿಕೊಡಬೇಕು, ದಂಡ ಕಟ್ಟಬೇಕು ಅಂತ ಆಯಿತು. ಮಹೇಂದ್ರ ಏನು ಮಾಡಿದ? ಬೋರ್ಡ್ ಬದಲಾಯಿಸಿದ. ತನ್ನ ಹೆಸರಿದ್ದ ಕಡೆ ಹೆಂಡತಿ ಮಧುಶ್ರೀ ಹೆಸರು ಬರೆಸಿ ಮತ್ತೆ ಮೋಟಾರ್ ಹಾಕಿದ. ಪೂಜಾ ಮೇಡಂ ಮತ್ತೆ ಹೋದರು. ಈ ಸಲ ಕೋರ್ಟಿಗೆ ಸಿಟ್ಟು ಬಂದಿತ್ತು. ಜಾಗ ಜಪ್ತಿ ಮಾಡಿ ಬೀಗ ಹಾಕಿ ಅಂದಿತು.

ಜಪ್ತಿ ಅಂದರೆ ಸುಮ್ಮನೆ ಬೀಗ ಹಾಕೋದಲ್ಲ. ಯಾರೂ ಆ ಆಸ್ತಿ ಕೊಳ್ಳಬಾರದು, ಹಿಡಿಯಬಾರದು ಅಂತ ಜಾಗದ ಮುಂದೆ, ಮಾಲೀಕನ ಮನೆ ಮುಂದೆ ತಮಟೆ ಬಡಿದು ಸಾರಬೇಕು. ಹಳೇ ಕಾಲದ ಕಾನೂನು, ಇನ್ನೂ ಇದೆ. ಮೇಡಂ ಫೋನಿನಲ್ಲಿ ಅದನ್ನು ಹೇಳಿದಾಗ ನಾನು ಗೋಡೆ ಕಡೆ ನೋಡಿದೆ. ಅತ್ತೆಯೂ ನೋಡಿದಳು.

ರೆವಿನ್ಯೂ ಇನ್ಸ್‌ಪೆಕ್ಟರು ರೇಣುಕಾಪ್ರಸಾದ್ ಜೀಪಿನಲ್ಲಿ ಬಂದರು. ಮಧ್ಯಾಹ್ನದ ಉರಿಬಿಸಿಲು. ಸೀದಾ ನಮ್ಮ ಕೇರಿಗೇ ಬಂದರು ನೋಡಿ. ತಮಟೆ ಅಂದರೆ ಜೀಪಿಗೂ ದಾರಿ ಗೊತ್ತು. ಯಾರಾದರೂ ಒಬ್ಬರು ಬನ್ನಿ, ಕೂಲಿ ಕೊಡಿಸ್ತೀನಿ, ನಿಮ್ಮದೇ ಕೇಸಲ್ಲವಾ, ಖುಷಿಯಾಗಿ ಬಡೀರಿ ಅಂದರು. ಒಳ್ಳೆಯ ಮನುಷ್ಯನೇ. ಕೆಟ್ಟದ್ದು ಹೇಳ್ತಿದ್ದೀನಿ ಅಂತ ಅವರಿಗೆ ಗೊತ್ತಿರಲಿಲ್ಲ.

ಮಾದೇಶ ಆಗಲೇ ಒಳಗೆ ಹೋಗಿದ್ದ. ತಮಟೆ ಇಳಿಸಿಕೊಂಡು ಬಂದ. ಅವನ ಕಣ್ಣು ಕೆಂಡ. ಅವನ ಗೇಟು ಒಡೆದು ಹೋಗೋ ಹಾಗೆ ಬಡೀತೀನಿ, ಅಪ್ಪನ ಆತ್ಮ ಕೇಳಲಿ ಅಂದ. ಕೇರಿಯ ಹುಡುಗರೆಲ್ಲ ಶಿಳ್ಳೆ ಹಾಕಿದರು. ಸುಳ್ಳು ಯಾಕೆ, ನನಗೂ ಹಾಗೇ ಅನ್ನಿಸಿತು. ಬಡೀಲಿ, ಚರ್ಮ ಹರಿಯೋ ಹಾಗೆ ಬಡೀಲಿ ಅಂತ.

ಅತ್ತೆ ಅಡ್ಡ ನಿಂತಳು.

"ನಿಮ್ಮಪ್ಪ ಕೊರಳಿಂದ ಇಳಿಸಿದ್ನ ನೀನು ಏರಿಸ್ಬ್ಯಾಡ."

"ಇದು ಅವ್ರಿಗೋಸ್ಕರ ಅಲ್ಲ ಕಣವ್ವ. ನಮಗೋಸ್ಕರ."

"ಕೊರಳಿಗೆ ಗೊತ್ತಾಗ್ತದಾ ಅದು?"

ಮಾದೇಶ ನಿಂತುಬಿಟ್ಟ. ಅತ್ತೆ ಅವನ ಕೈಯಿಂದ ತಮಟೆ ತೆಗೆದುಕೊಂಡಳು. ಸೆರಗಿನಲ್ಲಿ ಧೂಳು ಒರೆಸಿದಳು. ರೇಣುಕಾಪ್ರಸಾದ್ ಕಡೆ ತಿರುಗಿದಳು.

"ಸಾ, ಊರಲ್ಲಿ ಸಾರೋದು ಯಾರ ಕೆಲ್ಸ?"

ಅವರು ತಲೆ ಕೆರೆದುಕೊಂಡರು. ಗ್ರಾಮ ಸಹಾಯಕನದು ಅಂದರು.

"ಅವ್ನಿಗೆ ಸಂಬಳ ಬತ್ತದಾ?"

ಬರುತ್ತೆ ಅಂದರು.

"ಮತ್ತೆ ನಮ್ಮನ್ಯಾಕೆ ಕರೀತೀರಿ?"

ಬಸವಮ್ಮ ಕಿಸಕ್ಕನೆ ನಕ್ಕಳು. ಅಲ್ಲಿಂದ ನಗು ಹಬ್ಬಿತು. ಶಶಿಕುಮಾರ! ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವನಿಗೂ ಹೊಳೆದಿರಲಿಲ್ಲ. ಸಂಬಳ ಕಿತ್ತುಕೊಂಡವರಿಗೆ ಅದರ ಹಿಂದೆ ತಮಟೆ ಇದೆ ಅಂತ ನೆನಪೇ ಇರಲಿಲ್ಲ.

ರೇಣುಕಾಪ್ರಸಾದ್ ಅಡ್ಡಡ್ಡ ಮಾತಾಡಿದರು. ಅವರು ಹೇಗೆ ಬಡೀತಾರಮ್ಮ, ಅಭ್ಯಾಸ ಇಲ್ಲ ಅಂದರು. ನಾನು ಪೂಜಾ ಮೇಡಂಗೆ ಫೋನ್ ಮಾಡಿ ಕೊಟ್ಟೆ. ಇವತ್ತೇ ಸಾರದಿದ್ದರೆ ಯಾಕೆ ಸಾರಲಿಲ್ಲ, ಯಾರು ಒಲ್ಲೆ ಅಂದರು ಅಂತ ಕೋರ್ಟಿಗೆ ನೀವೇ ಹೇಳಬೇಕಾಗುತ್ತೆ ಅಂದರಂತೆ ಮೇಡಂ. ರೇಣುಕಾಪ್ರಸಾದ್ ಬೆವರು ಒರೆಸಿಕೊಂಡು ಶಶಿಕುಮಾರನಿಗೆ ಫೋನ್ ಹಚ್ಚಿದರು.

ಬುಲೆಟ್ ಬಂತು. ಬಿಳಿ ಬೂಟು, ಕೊರಳಲ್ಲಿ ಚಿನ್ನದ ಸರ. ವಿಷಯ ಕೇಳಿ ಅವನ ಮುಖ ಸುಣ್ಣ. ಒಲ್ಲೆ ಅಂದ. ಕೆಲಸ ಬಿಟ್ಟೆ ಅಂತ ಈಗಲೇ ಬರೆದುಕೊಡು ಅಂದರು ರೇಣುಕಾಪ್ರಸಾದ್. ಅವನು ಕೈ ಹಿಸುಕಿಕೊಂಡ. ಅತ್ತೆಯ ಕಡೆ ತಿರುಗಿದ.

"ನಂಗೆ ಬಡಿಯಕ್ಕೆ ಬರಲ್ಲ, ಚಿಕ್ಕಸಿದ್ದಮ್ಮ."

ಅವತ್ತು ಮೊದಲ ಸಲ ಅವನ ಬಾಯಲ್ಲಿ ನಮ್ಮತ್ತೆಯ ಹೆಸರಿಗೆ ಅಮ್ಮ ಸೇರಿತು.

"ಬರೋದು ಬ್ಯಾಡ ಕಣಪ್ಪ. ಸದ್ದಾದ್ರೆ ಸಾಕು."

ತಮಟೆ ಕಾಯಿಸದೆ ನಾದ ಬರದು. ಹುಲ್ಲು ಒಟ್ಟಿ ಬೆಂಕಿ ಹಾಕಿಕೊಟ್ಟೆವು. ಕಾಯಿಸೋದು ಅವನ ಕೆಲಸ. ಕೂತು ಕಾಯಿಸಿದ. ಹೊಗೆಗೆ ಕಣ್ಣು ಕೆಂಪಾಯಿತು. ಚರ್ಮದ ವಾಸನೆಗೆ ಮುಖ ತಿರುಗಿಸಿದ. ಆ ಚರ್ಮ ಅವರ ದೊಡ್ಡಪ್ಪ ತಿಮ್ಮಯ್ಯನ ಮನೆ ಎತ್ತಿನದೇ. ಸತ್ತಾಗ ಎಳೆದು ಹಾಕಿ ಬಾ ಅಂತ ನಮ್ಮ ಮಾವನಿಗೇ ಹೇಳಿದ್ದರಂತೆ. ಕೊರಳಿಗೆ ಹಗ್ಗ ಹಾಕಿಕೊಂಡ. ಹೊರಟ. ಕೇರಿಯೆಲ್ಲ ಹಿಂದೆ ಹೊರಟಿತು. ಯಾರೂ ಕೂಗಲಿಲ್ಲ, ಶಿಳ್ಳೆ ಹಾಕಲಿಲ್ಲ. ಅತ್ತೆ ಬೇಡ ಅಂದಿದ್ದಳು.

ಮೇಲಿನ ಬೀದಿಯ ತುದಿ ಬಂತು. ಅತ್ತೆ ನಿಲ್ಲು ಅಂದಳು.

"ಬೂಟ್ ಬುಡು."

ಅದು ಕಾನೂನಿನಲ್ಲಿ ಇಲ್ಲಮ್ಮ ಅಂದರು ರೇಣುಕಾಪ್ರಸಾದ್.

"ನನ್ನ ಗಂಡ ಬುಟ್ಟಾಗ್ಲೂ ಇರ್ಲಿಲ್ಲ ಸಾ."

ಅವರು ಬೇರೆ ಕಡೆ ನೋಡಿದರು. ಶಶಿಕುಮಾರ ಬಗ್ಗಿ ಬೂಟು ಬಿಚ್ಚಿದ. ಬಿಚ್ಚಿ ಅಲ್ಲೇ ಬಿಟ್ಟ, ನಮ್ಮ ಮಾವ ಬಿಡುತ್ತಿದ್ದ ಕಲ್ಲಿನ ಪಕ್ಕ. ಟಾರು ಕಾದಿತ್ತು. ಬರಿಗಾಲು ಇಟ್ಟ ತಕ್ಷಣ ಕುಪ್ಪಳಿಸಿದ. ಈಗ ನೋಡಿ ಕುಣಿತ ಅಂದಳು ಬಸವಮ್ಮ ನನ್ನ ಕಿವಿಯಲ್ಲಿ.

ತೊಳೆಯೋ ಜಾಗದ ಗೇಟಿನ ಮುಂದೆ ಮೊದಲ ಏಟು. ಮಹೇಂದ್ರ ಓಡಿ ಬಂದ. ತಮ್ಮನನ್ನು ನೋಡಿ ನಿಂತ. ಲೇ ಶಶಿ, ಬಿಸಾಕ್ಲಾ ಅದ, ಮನೆತನದ ಮಾನ ತೆಗೀತೀಯಾ ಅಂದ. ನೀನೇ ತಾನೇ ಈ ಕೆಲಸಕ್ಕೆ ಹಾಕ್ಸಿದ್ದು ಅಂದ ಶಶಿಕುಮಾರ. ರೇಣುಕಾಪ್ರಸಾದ್ ಹೇಳಿಕೊಟ್ಟದ್ದನ್ನು ಹೇಳಿದ. ಈ ಆಸ್ತಿ ಜಪ್ತಿಯಾಗಿದೆ, ಯಾರೂ ಕೊಳ್ಳಬಾರದು, ಹಿಡಿಯಬಾರದು. ಅರ್ಧ ಮಾತು ಹೊರಗೆ ಬರಲಿಲ್ಲ.

"ಜೋರಾಗೇಳು," ಅಂದಳು ಅತ್ತೆ. "ಕಟ್ಟೆಗೆ ಕೇಳ್ಬೇಕು."

ಜೋರಾಗಿ ಹೇಳಿದ. ಮೋಟಾರು ನಿಂತಿತು. ಗೇಟಿಗೆ ಬೀಗ ಬಿತ್ತು. ಮಾವನ ಹೆಣ ಕೂತಿದ್ದ ದಿನ ನಮ್ಮ ಬಾಗಿಲಿಗೆ ಕೇಳುತ್ತಿದ್ದ ಆ ಸದ್ದು ನಿಂತಾಗ ಊರು ಎಷ್ಟು ಮೌನ ಅಂತ ಗೊತ್ತಾಯಿತು.

ಅಲ್ಲಿಂದ ಮನೆ ಮುಂದೆ. ತಿಮ್ಮಯ್ಯ ಜಗಲಿಯ ಮೇಲೆ ಕೂತಿದ್ದ. ಮುದುಕ, ಕಣ್ಣಿಗೆ ಪೊರೆ. ಯಾರ್ಲಾ ಅದು ತಮಟೆ, ಯಾರು ಸತ್ರು ಅಂತ ಕೇಳಿದ. ಶಶಿಕುಮಾರ ಬಡಿದ, ಸಾರಿದ. ದನಿಯ ಗುರುತು ಹತ್ತಿ ಮುದುಕ ಕೋಲು ಹಿಡಿದು ಎದ್ದು ನಿಂತ.

ಶಶಿಕುಮಾರನ ಅಂಗೈ ಒಡೆದಿತ್ತು. ಪಾದ ಬೊಬ್ಬೆ ಎದ್ದಿತ್ತು. ಅಂಗಳದಲ್ಲಿ ಕುಕ್ಕರಿಸಿ, ದೊಡ್ಡವ್ವ, ನೀರು ಅಂದ. ತಿಮ್ಮಯ್ಯನ ಹೆಂಡತಿ ಕುಳ್ಳಮ್ಮ ಚೊಂಬು ಹಿಡಿದು ಹೊಸಲಿನವರೆಗೆ ಬಂದಳು. ತಿಮ್ಮಯ್ಯ ಕೋಲು ಅಡ್ಡ ಹಿಡಿದ. ಕೊರಳಲ್ಲಿ ಅದಿರೋವಾಗ ಚೊಂಬು ಮುಟ್ಟಿಸಬೇಡ, ಸ್ನಾನ ಮಾಡಿ ಬರಲಿ ಅಂದ. ಸ್ವಂತ ತಮ್ಮನ ಮಗನಿಗೆ. ಕುಳ್ಳಮ್ಮ ಅಲ್ಲೇ ನಿಂತಳು.

ಶಶಿಕುಮಾರ ನಮ್ಮ ಕಡೆ ನೋಡಿದ. ನನ್ನ ಕೈಯಲ್ಲಿ ನೀರಿನ ಚೊಂಬಿತ್ತು, ಕ್ಯಾನಿನ ನೀರು. ಅವನ ತುಟಿ ಒಣಗಿ ಬಿಳಿ ಕಟ್ಟಿತ್ತು. ನನ್ನ ಕೈ ಮುಂದಕ್ಕೆ ಹೋಯಿತು. ಅತ್ತೆ ಅಂಗೈಯಿಂದ ಚೊಂಬಿನ ಬಾಯಿ ಮುಚ್ಚಿದಳು. ಅವಳು ಶಶಿಕುಮಾರನನ್ನು ನೋಡಲಿಲ್ಲ. ಜಗಲಿ ಮೇಲಿನ ಮುದುಕನನ್ನೇ ನೋಡುತ್ತಾ ಹೇಳಿದಳು:

"ಕಟ್ಟೇಲಿ ನೀರಿಲ್ವೇನ್ಲಾ? ಓಗಿ ಕುಡಿ."

ಅಡ್ಡ ಹಿಡಿದಿದ್ದ ಕೋಲನ್ನು ತಿಮ್ಮಯ್ಯ ಕೆಳಗಿಳಿಸಿದ. ಮರೆತಿರಲಿಲ್ಲ ಅವನು.

ಶಶಿಕುಮಾರ ಎದ್ದ. ಹಗ್ಗ ಕಿತ್ತು ತಮಟೆಯನ್ನು ಜಗಲಿಯ ಮೇಲೆ ಎಸೆದ. ತಿಮ್ಮಯ್ಯನ ಕಾಲ ಹತ್ತಿರ ಅದು ಸುತ್ತು ಹೊಡೆದು ಮಲಗಿತು. ಬರಿಗಾಲಲ್ಲೇ ಬೀದಿ ಇಳಿದು ಹೋದ. ಮಾರನೆ ದಿನ ರಜೆ ಹಾಕಿ ಮೈಸೂರು ಸೇರಿದನಂತೆ.

ಕಟ್ಟೆ ಇನ್ನೂ ಹಾಗೇ ಇದೆ. ಹೂಳು ತೆಗೆಸಲು ಬಂದಿಲ್ಲ, ಅದಕ್ಕೂ ಮೇಡಂ ಓಡಾಡುತ್ತಿದ್ದಾರೆ. ಗೇಟಿನ ಬೀಗ ಇದೆ. ಚರಂಡಿ ಒಣಗಿದೆ. ಕೆಲವರು ನನ್ನನ್ನು ಕೇಳುತ್ತಾರೆ, ಬಾಯಾರಿದವನಿಗೆ ನೀರು ಕೊಡಬಾರದಿತ್ತೇ ಸುಕನ್ಯ ಅಂತ. ಕೇಳುವವರೆಲ್ಲ ಮೇಲಿನ ಬೀದಿಯವರು. ನನ್ನ ಮಾವನಿಗೆ ಮಜ್ಜಿಗೆ ಕೊಡಬಾರದಿತ್ತೇ ಅಂತ ಅವರಲ್ಲಿ ಒಬ್ಬರೂ ಇವತ್ತಿಗೂ ಕೇಳಿಲ್ಲ.

ತಮಟೆ ಆ ಜಗಲಿಯ ಮೇಲೇ ಬಿದ್ದಿದೆ. ಆ ಮನೆಯವರು ಮುಟ್ಟುವ ಹಾಗಿಲ್ಲ. ಬೀದಿಯವರು ಯಾರೂ ಮುಟ್ಟಲ್ಲ. ತೆಗೆದುಕೊಂಡು ಹೋಗಿ ಅಂತ ಕುಳ್ಳಮ್ಮ ಕೇರಿಗೆ ಹೇಳಿಕಳಿಸಿದಳು. ಕೆಲಸ ನಿಮ್ಮದು, ತಮಟೇನೂ ನಿಮ್ಮದೇ ಅಂತ ಅತ್ತೆ ಹೇಳಿಕಳಿಸಿದಳು. ಯಾರೂ ಹೋಗಲಿಲ್ಲ. ತಿಮ್ಮಯ್ಯ ಈಗ ಜಗಲಿಯಲ್ಲಿ ಕೂರಲ್ಲ. ಹಿತ್ತಿಲ ಬಾಗಿಲಿನಿಂದ ಓಡಾಡುತ್ತಾರಂತೆ ಎಲ್ಲರೂ.

ಮೊನ್ನೆ ಈ ವರ್ಷದ ಮೊದಲ ಮಳೆ ಬಿತ್ತು. ಅವರ ಮಾಡಿನ ಹೆಂಚಿನಿಂದ ಹನಿ ಸೀದಾ ತಮಟೆಯ ಮೇಲೆ ಬೀಳುತ್ತೆ. ಡಬ್. ಡಬ್. ಒದ್ದೆ ಚರ್ಮ, ಮಂಕು ಸದ್ದು. ಮಳೆ ಬಿಡೋವರೆಗೂ ಬಡಿಯಿತಂತೆ. ಮುದುಕ ಒಳಗೆ ಮಲಗಿ, ಯಾರ್ಲಾ ಅದು, ನಿಲ್ಸಿ ಅಂತ ಕೂಗುತ್ತಿದ್ದನಂತೆ. ಅದನ್ನು ಬಂದು ಹೇಳಿದ ಬಸವಮ್ಮನಿಗೆ ಅತ್ತೆ ಎಲೆ ಅಡಿಕೆ ಕೊಟ್ಟು, ಬಾಗಿಲಲ್ಲಿ ಕೂತು, ಮತ್ತೆ ಶುರುವಾದ ಮಳೆ ನೋಡುತ್ತಾ ಹೇಳಿದಳು.

"ಎದರ್‌ಬ್ಯಾಡ ಅಂತ ಏಳವ್ವ ಆ ಮುದುಕ್ನಿಗೆ. ಅದು ಮಳೆ ನೀರು ಕಣೆ. ಬರೀ ಮಳೆ ನೀರು."